ಬೇಕಾದ್ದಕ್ಕಿಂತ ಹೆಚ್ಚು ಬೆಳ್ಳಿ

ಸಮರ್‌ಸೆಟ್, ನ್ಯೂ ಜೆರ್ಸಿ
14 ಸೆಪ್ಟೆಂಬರ್ 2024

ಶ್ರೀ ಮುರುಗೆಪ್ಪನವರಿಗೆ,

ನಮಸ್ಕಾರ. ನನ್ನ ಹೆಸರಿನ ಲಕೋಟೆ ನೋಡಿ ಹುಬ್ಬೇರಿಸಬೇಡಿ. ಎರಡೂ ಮನೆಯವರು ಪರಸ್ಪರ ಫೋನು, ವಾಟ್ಸಾಪು, ಇಮೇಲು ಮಾಡಬಾರದು, ಅದೆಲ್ಲ ನಾಳೆ ಕೋರ್ಟಿನಲ್ಲಿ ಪುರಾವೆಯಾಗಿ ಬರುತ್ತದೆ ಎಂದು ಕೀರ್ತನ್‌ನ ವಕೀಲರು ಹೇಳಿದ್ದಾರೆ. ಶಿವಲೀಲಾಳ ವಕೀಲರೂ ಇದನ್ನೇ ಹೇಳಿರಬೇಕು. ಅಂಚೆಯಲ್ಲಿ ಕನ್ನಡದ ಕಾಗದ ಕಳಿಸಬಾರದೆಂದು ಮಾತ್ರ ಯಾರೂ ಹೇಳಿಲ್ಲ. ಓದಲು ಬಾರದ್ದನ್ನು ಅವರು ಪುರಾವೆ ಮಾಡುವುದು ಕಷ್ಟ.

ವಿಷಯ ಇಷ್ಟು. ನಾಣ್ಯಗಳ ಸಣ್ಣ ಮ್ಯೂಸಿಯಂ ನಡೆಸುವ ಡೋರಿಸ್ ಅವರಿಗೆ ನಾವಿಬ್ಬರೂ ಒಂದು ಮಾತು ಕೊಟ್ಟಿದ್ದೆವು. ಹತ್ತೊಂಬತ್ತನೆಯ ಶತಮಾನದಲ್ಲಿ ನ್ಯೂಯಾರ್ಕಿನಲ್ಲಿ ಸರ್ಕಾರಕ್ಕಾಗಿ ಚಿನ್ನ ಪರೀಕ್ಷೆ ಮಾಡುತ್ತಿದ್ದ ಅಲೊನ್ಸೊ ಪೆಲ್ ಎಂಬ ಟಂಕಸಾಲೆಯ ಲೋಹತಜ್ಞನ ಪತ್ರಗಳಿಗೆ ಟಿಪ್ಪಣಿ ಬರೆದುಕೊಡುತ್ತೇವೆಂದು. ಆಗ ಪರಿಸ್ಥಿತಿ ಬೇರೆ ಇತ್ತು. ಈಗ ಅವರ ಕ್ಯಾಟಲಾಗ್ ಅಚ್ಚಿಗೆ ಹೋಗುವ ಸಮಯ ಹತ್ತಿರ ಬಂದಿದೆ. ಕೊಟ್ಟ ಮಾತು ಮುಗಿಸೋಣ.

ಪೆಲ್ ತಾನು ಬರೆದ ಪ್ರತಿ ಕಾಗದವನ್ನೂ ತೆಳು ಹಾಳೆಯ ಪುಸ್ತಕದಲ್ಲಿ ಒತ್ತಿ ನಕಲು ಇಟ್ಟುಕೊಳ್ಳುತ್ತಿದ್ದ. ಬಹುಪಾಲು ಕಾಗದ ಪಶ್ಚಿಮದ ಇನ್ನೊಂದು ಟಂಕಸಾಲೆಯಲ್ಲಿದ್ದ ಗೆಳೆಯನಿಗೆ. ಗೆಳೆಯನ ಉತ್ತರ ಒಂದೂ ಉಳಿದಿಲ್ಲ. ಮೊದಲರ್ಧ ನಾನು ನೋಡುತ್ತೇನೆ, ಉಳಿದರ್ಧ ನೀವು. ಸ್ಕ್ಯಾನ್ ಪ್ರತಿ ಇದರೊಂದಿಗಿದೆ.

ಒಂದು ನಿಯಮ ಇಟ್ಟುಕೊಳ್ಳೋಣ. ಈ ಪತ್ರಗಳಲ್ಲಿ ಪೆಲ್‌ನ ವಿಷಯ ಮಾತ್ರ ಇರಲಿ, ಮನೆಯ ವಿಷಯ ಬೇಡ. ಮೊದಲಾಗಿದ್ದರೆ 'ಬೀಗರೇ' ಎಂದು ಶುರು ಮಾಡುತ್ತಿದ್ದೆ. ನನ್ನ ಮಗ, ನಿಮ್ಮ ಮಗಳು ಬೇರೆಯಾಗಿ ವರ್ಷವಾಗುತ್ತ ಬಂತು. ಆ ಸಂಬೋಧನೆಗೆ ಈಗ ಆಧಾರವಿಲ್ಲ.

ಇತಿ,
ರಘುರಾಮ ಶೇಟ್


ಫ್ಲೋರಲ್ ಪಾರ್ಕ್, ಕ್ವೀನ್ಸ್
25 ಸೆಪ್ಟೆಂಬರ್ 2024

ಬೀಗರೇ,

ಶರಣು. ಸೋಡಚೀಟಿ ಆಗುವುದು ಗಂಡ ಹೆಂಡಿರಿಗೆ. ಬೀಗರಿಗೆ ಸೋಡಚೀಟಿ ಕೊಡುವ ಕೋರ್ಟು ನಮ್ಮ ರಾಣೆಬೆನ್ನೂರಿನಲ್ಲೂ ಇಲ್ಲ, ನಿಮ್ಮ ನ್ಯೂ ಜೆರ್ಸಿಯಲ್ಲೂ ಇಲ್ಲ. ಅನುಷ್ಕಾಗೆ ನಾವಿಬ್ಬರೂ ಅಜ್ಜಂದಿರು ಇರುವ ತನಕ ನೀವು ನನಗೆ ಬೀಗರು. ನೀವು ಏನಾದರೂ ಕರೆಯಿರಿ, 'ಶ್ರೀ' ಅಂತ ಬರೆದರೂ ಓದುತ್ತೇನೆ. ಮನೆಯಲ್ಲಿ ಕೊಂಕಣಿ ಆಡುವ ನಿಮ್ಮ ಕನ್ನಡ ಮೊದಲಿನಿಂದಲೂ ಪಠ್ಯಪುಸ್ತಕದ್ದು. ಹೊಸದೇನಲ್ಲ.

ಪೆಲ್ ಸಾಹೇಬರನ್ನು ಓದಿದೆ. ಪಕ್ಕಾ ನಿಮ್ಮ ಜಾತಿ. ತಕ್ಕಡಿ ಕೋಣೆಯ ಕಿಟಕಿಯನ್ನು ಯಾರೋ ತೆರೆದರೆಂದು ಎರಡು ಪುಟ ಬೈದಿದ್ದಾರೆ. ನೂವರ್ಕ್‌ನ ಚಿನ್ನದ ರಿಫೈನರಿಯಲ್ಲಿ ನೀವು ಬಂಗುಡೆಯ ಡಬ್ಬಿ ತೆರೆದಾಗ ನಾನು ಕಿಟಕಿ ತೆರೆಯುತ್ತಿದ್ದೆ, ತಕ್ಕಡಿಯ ಮುಳ್ಳು ಅಲ್ಲಾಡಿತೆಂದು ನೀವು ಕೂಗುತ್ತಿದ್ದಿರಿ. ಮೀನಿನ ವಾಸನೆಯ ಮೇಲೆ ಲಿಂಗಾಯತನೊಬ್ಬ ಇಪ್ಪತ್ತೈದು ವರ್ಷ ಚಿನ್ನ ಪರೀಕ್ಷೆ ಮಾಡಿದ್ದು ಪ್ರಾಯಶಃ ನಾನೊಬ್ಬನೇ. ಅದರ ಮೇಲೆ ಮಗಳನ್ನೂ ಅದೇ ಮನೆಗೆ ಕೊಟ್ಟೆ.

ನೋಡಿ, ನಿಯಮ ಮುರಿಯಿತು. ಮುರಿದದ್ದು ಮುರಿದಾಯಿತು, ಇನ್ನೊಂದನ್ನೂ ಹೇಳಿಬಿಡುತ್ತೇನೆ. ಹಿಲ್‌ಸೈಡ್ ಅವೆನ್ಯೂನಲ್ಲಿ ಜೋಳದ ಹಿಟ್ಟು ತರಲು ಹೊರಟಿದ್ದೆ. ನಮ್ಮಾಕೆ ವೀರಬಸಮ್ಮ ಬಾಗಿಲಲ್ಲಿ ನಿಲ್ಲಿಸಿ, "ಶೇಟರು ಒಬ್ಬರ ಅದಾರ, ಊಟಕ್ಕ ಏನ್ ಮಾಡ್ಕೋತಾರೋ ಕೇಳ್ರಿ" ಅಂದಳು. ನಾವು ಕೇಳುವ ಹಾಗಿಲ್ಲ ಎಂದೆ. "ಕೇಳಾಕ ವಕೀಲರ ಅಪ್ಪಣೆ ಬೇಕೇನು?" ಅಂದಳು. ಅವಳಿಗೆ ಏನು ಉತ್ತರ ಹೇಳಲಿ, ತಿಳಿಸಿ.

ನನ್ನ ಪಾಲಿನ ಪುಟಗಳು ಸಿಕ್ಕಿವೆ. ಕೊನೆಯ ಕಡೆ ಕೆಲವು ಹಾಳೆ ಒಂದಕ್ಕೊಂದು ಅಂಟಿಕೊಂಡು ಕಪ್ಪಾಗಿ ಬಂದಿವೆ. ಅವನ್ನು ಬಿಡಿಸಿ ಮತ್ತೆ ಸ್ಕ್ಯಾನ್ ಮಾಡಿಸಲು ಡೋರಿಸ್‌ಬಾಯಿಗೆ ಹೇಳಿದ್ದೇನೆ.

ಶರಣಾರ್ಥಿ,
ಮುರುಗೆಪ್ಪ


ಸಮರ್‌ಸೆಟ್
20 ಅಕ್ಟೋಬರ್ 2024

ಶ್ರೀ ಮುರುಗೆಪ್ಪನವರಿಗೆ,

ಊಟಕ್ಕೆ ತೊಂದರೆಯಿಲ್ಲ ಎಂದು ವೀರಬಸಮ್ಮನವರಿಗೆ ತಿಳಿಸಿ.

1873ರ ಮಾರ್ಚ್ ತಿಂಗಳ ಒಂದು ಪತ್ರ ಬಹಳ ಮುಖ್ಯವೆಂದು ನನಗೆ ಕಾಣುತ್ತದೆ. ಪೆಲ್ ಅಷ್ಟೇನೂ ಬಿಚ್ಚಿ ಬರೆಯುವವನಲ್ಲ. ಇಲ್ಲಿ ಮಾತ್ರ ತನ್ನ ಕೆಲಸ ಕೆಟ್ಟಿತೆಂದು ಒಪ್ಪಿಕೊಂಡಿದ್ದಾನೆ. ಕನ್ನಡದಲ್ಲಿ ಹೀಗಾಗುತ್ತದೆ: "ಮಂಗಳವಾರ ಪಾರ್ಟಿಂಗ್ ಮುಗಿಯಿತು. ನಾನು ಹೆದರಿದಷ್ಟು ಗದ್ದಲವಾಗಲಿಲ್ಲ. ಬೇಕಾದ್ದಕ್ಕಿಂತ ಹೆಚ್ಚು ಬೆಳ್ಳಿ ಹಾಕಿಬಿಟ್ಟೆನೆಂದು ಕಾಣುತ್ತದೆ. ಈಗ ನನ್ನ ಬಳಿ ಉಳಿದದ್ದು ಕಂದು ಬಣ್ಣಕ್ಕೆ ತಿರುಗಿದೆ, ಮುಟ್ಟಿದರೆ ಪುಡಿಯಾಗುತ್ತದೆ."

ಇದಕ್ಕೆ ನಾನು ಬರೆದ ಟಿಪ್ಪಣಿಯ ಸಾರ: ಚಿನ್ನದಲ್ಲಿ ಬೆರೆತ ಬೆಳ್ಳಿಯನ್ನು ಆಸಿಡ್‌ನಲ್ಲಿ ಕರಗಿಸಿ ತೆಗೆಯುವುದಕ್ಕೆ ಪಾರ್ಟಿಂಗ್ ಎನ್ನುತ್ತಾರೆ. ಬೆಳ್ಳಿ ಕಡಿಮೆ ಇದ್ದರೆ ಆಸಿಡ್ ಒಳಗೆ ಇಳಿಯುವುದಿಲ್ಲ. ಆದ್ದರಿಂದ ಮೊದಲು ಇನ್ನಷ್ಟು ಬೆಳ್ಳಿ ಸೇರಿಸಿ ಕರಗಿಸಬೇಕು, ಸುಮಾರು ಚಿನ್ನದ ಮೂರು ಪಟ್ಟು. ಅದು ಹೆಚ್ಚಾದರೆ ಕೊನೆಯಲ್ಲಿ ಚಿನ್ನ ಒಂದೇ ತುಂಡಾಗಿ ನಿಲ್ಲದೆ ಪುಡಿಯಾಗುತ್ತದೆ. ಪಾರ್ಟಿಂಗ್ ಆದ ಕೂಡಲೇ ಚಿನ್ನದ ಬಣ್ಣ ಕಂದು, ಕಾಸಿದ ಮೇಲೆ ಹಳದಿ. 'ಗದ್ದಲ' ಎಂದರೆ ಆಸಿಡ್ ಉಕ್ಕಿ ಹೊಗೆಯೇಳುವುದು. ಪೆಲ್‌ನ ಒಂದೊಂದು ಮಾತೂ ಕ್ರಿಯೆಗೆ ಸರಿಯಾಗಿ ಹೊಂದುತ್ತದೆ. ಓದಿ ಅಭಿಪ್ರಾಯ ತಿಳಿಸಿ.

ನಿಯಮ ಮುರಿಯುವ ಅಭ್ಯಾಸ ನನಗಿಲ್ಲ. ಆದರೆ ನೀವು ಮುರಿದಾಗ ಮುಖ್ಯವಾದದ್ದನ್ನು ಬಿಟ್ಟು ಜೋಳದ ಹಿಟ್ಟಿನ ವಿಷಯ ಬರೆದಿರಿ. ಶಿವಲೀಲಾಳ ಕಂಪನಿ ಇಲ್ಲಿನ ಆಫೀಸು ಮುಚ್ಚುತ್ತಿದೆ, ಅವಳಿಗೆ ಡೆನ್ವರ್‌ನಲ್ಲಿ ಕೆಲಸ ಕೊಟ್ಟಿದ್ದಾರೆ, ಮಗುವನ್ನು ಕರೆದುಕೊಂಡು ಹೋಗುತ್ತಾಳೆ ಎಂದು ಕೀರ್ತನ್‌ನಿಂದ ತಿಳಿಯಿತು. ಅವಳು ದಿನಾ ಸಂಜೆ ಅನುಷ್ಕಾಳನ್ನು ಕರೆದೊಯ್ಯಲು ನನ್ನ ಬಾಗಿಲಿಗೆ ಬರುತ್ತಾಳೆ. ಒಳಗೆ ಬರುವುದಿಲ್ಲ. ಮೊದಲು 'ಮಾವ' ಎನ್ನುತ್ತಿದ್ದವಳು ಈಗ "ಥ್ಯಾಂಕ್ಯೂ ಅಂಕಲ್" ಎನ್ನುತ್ತಾಳೆ. ಡೆನ್ವರ್ ಎಂಬ ಶಬ್ದ ಅವಳ ಬಾಯಿಂದಲೂ ಬರಲಿಲ್ಲ, ನಿಮ್ಮ ಕಾಗದದಲ್ಲೂ ಬರಲಿಲ್ಲ.

ಇತಿ,
ರಘುರಾಮ ಶೇಟ್


ಫ್ಲೋರಲ್ ಪಾರ್ಕ್
3 ನವೆಂಬರ್ 2024

ಬೀಗರೇ,

ಮೊದಲು ಟಿಪ್ಪಣಿ. ಬಹಳ ಚೆನ್ನಾಗಿದೆ. ಒಂದಕ್ಷರ ತೆಗೆಯುವಂತಿಲ್ಲ. ಆ ಕಾಲದ ಆಸಿಡ್ ಈಗಿನಷ್ಟು ಶುದ್ಧ ಇರಲಿಲ್ಲ, ಪುಡಿಯಾಗಲು ಅದೂ ಒಂದು ಕಾರಣವಿರಬಹುದು ಎಂದು ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೇನೆ. ಇಬ್ಬರ ಹೆಸರನ್ನೂ ಹಾಕಿ ಡೋರಿಸ್‌ಬಾಯಿಗೆ ಕಳಿಸಿಬಿಟ್ಟೆ. ಒಂದು ವರ್ಷದಲ್ಲಿ ನಾವಿಬ್ಬರೂ ತಕರಾರಿಲ್ಲದೆ ಒಪ್ಪಿದ ವಿಷಯ ಇದೊಂದೇ. ಪೆಲ್ ಸಾಹೇಬರ ಪುಣ್ಯ.

ಇನ್ನು ಡೆನ್ವರ್. ನಿಜ, ನಾನು ಬರೆಯಲಿಲ್ಲ. ಬರೆಯಲು ಪೆನ್ನು ಹಿಡಿದವನು ಬಂಗುಡೆಯ ವಿಷಯ ಬರೆದೆ. ನಿಮ್ಮ ಮನೆಯಿಂದ ಮಗುವನ್ನು ಎಬ್ಬಿಸಿಕೊಂಡು ಹೋಗುತ್ತೇವೆ ಎಂದು ಬರೆಯುವುದು ಹೇಗೆ, ನೀವೇ ಹೇಳಿ. ಶಿವಲೀಲಾ ಒಬ್ಬಳೇ ಹೊಸ ಊರಿನಲ್ಲಿ ಕೆಲಸವನ್ನೂ ಮಗುವನ್ನೂ ನಿಭಾಯಿಸಲಾರಳು. ಆದ್ದರಿಂದ ನಾನೂ ವೀರಬಸಮ್ಮನೂ ಜೊತೆಗೆ ಹೋಗುವವರು. ಈ ಮನೆ ಬಾಡಿಗೆಗೆ ಕೊಡುತ್ತೇವೆ.

ಮಗುವನ್ನು ರಾಜ್ಯದ ಹೊರಗೆ ಕರೆದೊಯ್ಯಬೇಕಾದರೆ ಕೀರ್ತನ್‌ನ ಒಪ್ಪಿಗೆ ಬೇಕು, ಇಲ್ಲವೇ ಜಡ್ಜ್ ಹೇಳಬೇಕು ಎಂದು ವಕೀಲರು ತಿಳಿಸಿದ್ದಾರೆ. ಕೀರ್ತನ್ ಸಹಿ ಮಾಡುತ್ತಿಲ್ಲ. ನಿಮ್ಮಿಂದ ಒಂದು ಹೇಳಿಕೆ ಬರೆಸಿ ಕೋರ್ಟಿಗೆ ಕೊಡುತ್ತಾರೆ ಎಂದೂ ಕೇಳಿದೆ. ಮಗುವನ್ನು ದಿನಾ ನೋಡಿಕೊಂಡವರು ನೀವು, ನಿಮ್ಮ ಮಾತಿಗೆ ಬಹಳ ತೂಕವಂತೆ.

ಬರೆಯಬೇಡಿ ಅಂತ ನಾನು ಹೇಳುವುದಿಲ್ಲ. ಹೇಳಿದರೆ ನೀವು ಖಂಡಿತ ಬರೆಯುತ್ತೀರಿ, ನಿಮ್ಮ ಸ್ವಭಾವ ನನಗೆ ಗೊತ್ತು.

ಶರಣಾರ್ಥಿ,
ಮುರುಗೆಪ್ಪ


ಸಮರ್‌ಸೆಟ್
17 ನವೆಂಬರ್ 2024

ಬೀಗರೇ,

ಈ ಶಬ್ದ ಬೇಕೆಂದು ಹಟ ಹಿಡಿದಿರಿ, ತೆಗೆದುಕೊಳ್ಳಿ. ಬೀಗರೆಂದರೆ ಮದುವೆ ಊಟದ ಸಾರಿಗೆ ಉಪ್ಪು ಕಡಿಮೆಯೆಂದು ಜಗಳ ತೆಗೆಯುವವರು. ನಾನೂ ಇವತ್ತು ಜಗಳ ತೆಗೆಯುವುದಕ್ಕೇ ಕೂತಿದ್ದೇನೆ.

ಹೇಳಿಕೆಯನ್ನು ಬರೆದಿದ್ದೇನೆ. ಅನುಷ್ಕಾ ಮೂರು ವರ್ಷದವಳಿದ್ದಾಗಿನಿಂದ ತಾಯಿ ಆಫೀಸಿನಿಂದ ಬರುವ ತನಕ ನನ್ನ ಮನೆಯಲ್ಲಿದ್ದಾಳೆ. ಓದಲು ಕಲಿತದ್ದು ನನ್ನ ಅಡುಗೆಮನೆಯ ಮೇಜಿನ ಮೇಲೆ. ಜ್ವರ ಬಂದರೆ ಶಾಲೆಯವರು ಮೊದಲು ಕರೆಯುವುದು ನನಗೆ. ತಂದೆ ತಾಯಿ ಬೇರೆಯಾದ ಈ ವರ್ಷ ಅವಳ ಬದುಕಿನಲ್ಲಿ ಬದಲಾಗದೆ ಉಳಿದದ್ದು ಈ ಮನೆಯೊಂದೇ. ಆದ್ದರಿಂದ ಮಗುವಿಗೆ ಅಜ್ಜನ ಮನೆ ಬೇಕು ಎಂದು ಮುಗಿಸಿದ್ದೇನೆ. ಇದರಲ್ಲಿ ಒಂದಾದರೂ ಸುಳ್ಳಿದ್ದರೆ ತೋರಿಸಿ. ಸಹಿ ಹಾಕುವುದೊಂದು ಬಾಕಿ.

ನೀವು ಜೊತೆಗೆ ಹೋಗುವವರು. ಬಾಡಿಗೆಗೆ ಮನೆ ಕೊಟ್ಟು, ಪೆಟ್ಟಿಗೆ ಕಟ್ಟಿ, ಮಗಳು ಮೊಮ್ಮಗಳ ಜೊತೆ ವಿಮಾನ ಹತ್ತುವವರು. ನನ್ನ ಗತಿ ಏನು? ಅದೇ ರಿಫೈನರಿಯಲ್ಲಿ ಸೀಸದ ಹೊಗೆ, ಆಸಿಡ್ ಹೊಗೆ ಇಬ್ಬರೂ ಕುಡಿದೆವು. ನಿಮ್ಮ ಎದೆ ನೆಟ್ಟಗಿದೆ, ನನ್ನದು ಹಾಳಾಯಿತು. ಡೆನ್ವರ್ ಎತ್ತರದ ಊರು, ಅಲ್ಲಿನ ಗಾಳಿ ನನಗೆ ಆಗದು ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದ್ದಾರೆ. ಬೇಕೆನಿಸಿದಾಗ ಹೋಗಿ ನೋಡಿಬರುವ ಹಾಗೂ ಇಲ್ಲ. ನಿಮಗೆ ಹೆಂಡತಿ ಇದ್ದಾರೆ, ಮಗಳಿದ್ದಾಳೆ. ನನ್ನ ಹೆಂಡತಿ ಹೋದ ಮೇಲೆ ಈ ಮನೆಯೊಳಗೆ ಮಾತು ಕೇಳಿಸುವುದು ಆ ಹುಡುಗಿ ಬಂದಾಗ ಮಾತ್ರ.

ನೀವು ಪತ್ರದಲ್ಲಿ ತಮಾಷೆ ಮಾಡುವುದನ್ನು ನಾನು ಸಹಿಸಿಕೊಂಡು ಬಂದೆ. ಇನ್ನು ಸಹಿಸಲಾರೆ. ಟಿಪ್ಪಣಿಗಳು ಮುಗಿದವು. ನಿಮ್ಮ ಪಾಲಿನದನ್ನು ನೇರವಾಗಿ ಮ್ಯೂಸಿಯಂಗೆ ಕಳಿಸಿ. ಉತ್ತರ ಬರೆಯುವ ಅಗತ್ಯವಿಲ್ಲ.

ರಘುರಾಮ ಶೇಟ್


ಫ್ಲೋರಲ್ ಪಾರ್ಕ್
12 ಜನವರಿ 2025

ಬೀಗರೇ,

ಉತ್ತರ ಬೇಡವೆಂದಿರಿ. ಸಂಕ್ರಾಂತಿ ಹತ್ತಿರ ಬಂತು, ಎಳ್ಳು ಬೆಲ್ಲ ಕಳಿಸುತ್ತಿದ್ದೇನೆ, ಅದರ ಜೊತೆ ಈ ಕಾಗದ. ಎಳ್ಳು ಬೆಲ್ಲದ ಪೊಟ್ಟಣ ವಾಪಸ್ಸು ಕಳಿಸುವಷ್ಟು ಕಟುಕರು ನೀವಲ್ಲ.

ಅಂಟಿಕೊಂಡಿದ್ದ ಹಾಳೆಗಳನ್ನು ಡೋರಿಸ್‌ಬಾಯಿ ಬಿಡಿಸಿ ಕಳಿಸಿದ್ದಾರೆ. ಅದರಲ್ಲಿ ಅದೇ 1873ರ ಜೂನ್ ತಿಂಗಳ ಒಂದು ಪತ್ರವಿದೆ, ಅದೇ ಗೆಳೆಯನಿಗೆ. ನಿಮ್ಮಷ್ಟು ಚೆನ್ನಾಗಿ ಕನ್ನಡ ಮಾಡಲಾರೆ, ತಿಳಿದಂತೆ ಬರೆಯುತ್ತೇನೆ:

"ಹ್ಯಾರಿಯೆಟ್ ಗಂಡನೊಂದಿಗೆ ಸ್ಯಾಕ್ರಮೆಂಟೊ ಸೇರಿಕೊಂಡಳು. ಮಾರ್ಚ್ ತಿಂಗಳ ಆ ಮಂಗಳವಾರದ ನಂತರ ಅವಳಿಂದ ಮೊದಲ ಕಾಗದ ಬಂದಿದೆ. ಅವಳ ತಾಯಿಯ ಬೆಳ್ಳಿ ಚಮಚ, ಬಟ್ಟಲು, ತಟ್ಟೆ ಎಲ್ಲವನ್ನೂ ನಾನು ಪೆಟ್ಟಿಗೆಗೆ ತುಂಬಿದ್ದೆನಲ್ಲ, ಅಷ್ಟು ಭಾರ ಯಾಕೆ ಹಾಕಿದೆ ಅಪ್ಪ ಎಂದು ಬೈದಿದ್ದಾಳೆ. ಸ್ಟೇಷನ್ನಿನಲ್ಲಿ ಅವಳು ನನ್ನ ಕೋಟಿಗೆ ಸಿಕ್ಕಿಸಿದ ವಯಲೆಟ್ ಹೂಗಳನ್ನು ನಿನ್ನೆ ಕೊನೆಗೂ ಬಿಸಾಡಿದೆ. ಕಂದು ಪುಡಿಯಲ್ಲದೆ ಏನೂ ಉಳಿದಿರಲಿಲ್ಲ."

ಗೊತ್ತಾಯಿತೇ ಶೇಟರೇ? ಆ ಮಂಗಳವಾರ ಅವರ ಮಗಳು ಊರು ಬಿಟ್ಟು ಹೋದದ್ದು. ಬೆಳ್ಳಿ ಅಂದರೆ ಚಮಚ, ತಟ್ಟೆ. ಪುಡಿಯಾದದ್ದು ಹೂವು. ಅಲ್ಲಿ ಆಸಿಡ್ ಇಲ್ಲ, ಚಿನ್ನವೂ ಇಲ್ಲ. ಪಾರ್ಟಿಂಗ್ ಅಂದರೆ ಬರೀ ಬೀಳ್ಕೊಡುವುದು. ಶಾಲೆಗೆ ಹೋಗುವ ಮಗುವಿಗೂ ತಿಳಿಯುವ ಅರ್ಥ. ಅದಕ್ಕೆ ನೀವು ಮೂರು ಪಟ್ಟಿನ ಲೆಕ್ಕ ಬರೆದಿರಿ, ನಾನು ಅದರ ಮೇಲೆ ಕೂತು ಆಸಿಡ್ ಶುದ್ಧವಿರಲಿಲ್ಲ ಎಂದು ಸೇರಿಸಿದೆ!

ಮೊದಲು ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕೆ. ವೀರಬಸಮ್ಮ ಏನೆಂದು ಕೇಳಿದಳು, ಎರಡೂ ಕಾಗದ ಓದಿ ಹೇಳಿದೆ. ಅವಳು ನಗಲಿಲ್ಲ. "ಇಬ್ಬರೂ ಕೂಡಿ ಒಬ್ಬ ತಂದೀನ ಆಸಿಡ್‌ನ್ಯಾಗ ಅದ್ದೀರಿ ನೋಡ್ರಿ" ಅಂದು ಒಳಗೆ ಹೋದಳು. ಆಮೇಲೆ ನನಗೂ ನಗಲು ಆಗಲಿಲ್ಲ.

ನಿಮ್ಮ ಹೇಳಿಕೆಯ ವಿಷಯಕ್ಕೂ ಇದಕ್ಕೂ ಸಂಬಂಧವಿದೆ ಎಂದು ನಾನು ಬರೆಯುತ್ತಿಲ್ಲ. ಟಿಪ್ಪಣಿ ತಿದ್ದಬೇಕು, ಅಷ್ಟೇ. ಅದರ ಕೆಳಗೆ ಮೊದಲ ಹೆಸರು ನಿಮ್ಮದು, ನೀವೇ ಡೋರಿಸ್‌ಬಾಯಿಗೆ ಹೇಳಿ.

ಶರಣಾರ್ಥಿ,
ಮುರುಗೆಪ್ಪ


ಸಮರ್‌ಸೆಟ್
9 ಫೆಬ್ರವರಿ 2025

ಮುರುಗೆಪ್ಪನವರೇ,

ಎಳ್ಳು ಬೆಲ್ಲ ತಲುಪಿತು. ಅರ್ಧಕ್ಕಿಂತ ಹೆಚ್ಚು ಅನುಷ್ಕಾ ತಿಂದಳು, ಎಳ್ಳು ಬಿಟ್ಟು ಕೊಬ್ಬರಿ, ಬೆಲ್ಲ ಮಾತ್ರ ಹೆಕ್ಕಿ.

ಡೋರಿಸ್ ಅವರಿಗೆ ಫೋನ್ ಮಾಡಿದೆ. ಕ್ಯಾಟಲಾಗ್ ಆಗಲೇ ಅಚ್ಚಾಗಿದೆ. ಅವರು ಬಹಳ ಸೌಜನ್ಯದಿಂದ, ಯಾರೂ ಗಮನಿಸುವುದಿಲ್ಲ, ನಿಮ್ಮ ಟಿಪ್ಪಣಿ ಅಷ್ಟು ಚೆನ್ನಾಗಿದೆ ಎಂದರು. ಅದೇ ನನಗೆ ತಡೆಯಲಾಗದ್ದು. ಟಿಪ್ಪಣಿಯಲ್ಲಿ ಒಂದು ತಪ್ಪೂ ಇಲ್ಲ. ಅಳತೆ ಸರಿ, ಬಣ್ಣ ಸರಿ, ಹೊಗೆ ಸರಿ. ಹಾಗಿದ್ದೂ ಪೂರ್ತಿ ತಪ್ಪು. ಪೆಲ್ ಮಗಳನ್ನು ಕಳಿಸಿ ಬಂದು, ಬಾಯಿಬಿಟ್ಟು ಅಳಲಾಗದೆ ನಾಲ್ಕು ಸಾಲು ಬರೆದಿದ್ದ. ನಾವಿಬ್ಬರೂ ಸೇರಿ ಅದಕ್ಕೆ ಪ್ರಯೋಗಶಾಲೆಯ ವರದಿ ಬರೆದೆವು. ಬೇರೆ ಯಾರೇ ಓದಿದ್ದರೂ ಹೀಗಾಗುತ್ತಿರಲಿಲ್ಲ.

ಅದೇ ಸಂಜೆ ನನ್ನ ಹೇಳಿಕೆಯನ್ನು ತೆಗೆದು ಮತ್ತೆ ಓದಿದೆ. ಅದರಲ್ಲೂ ಸುಳ್ಳಿಲ್ಲ. ಮಗುವಿಗೆ ಅಜ್ಜನ ಮನೆ ಬೇಕು ಎಂದು ಬರೆದಿದ್ದೆನಲ್ಲ, ಬರೆಯಬೇಕಾಗಿದ್ದ ವಾಕ್ಯ ಅದಲ್ಲ. ಅಜ್ಜನಿಗೆ ಮಗು ಬೇಕು. ಅವಳು ತಾಯಿ ಇರುವಲ್ಲಿ ಚೆನ್ನಾಗಿಯೇ ಇರುತ್ತಾಳೆ, ನೀವೂ ಇರುತ್ತೀರಿ. ಚೆನ್ನಾಗಿರದವನು ನಾನು. ಅದಕ್ಕೆ ಜಡ್ಜ್ ಏನು ಮಾಡಬೇಕು? ನಾನು ಸಹಿ ಹಾಕಲಿಲ್ಲ.

ಕಳೆದ ಭಾನುವಾರ ಕೀರ್ತನ್ ಹ್ಯಾರಿಸನ್‌ನ ತನ್ನ ಅಪಾರ್ಟ್‌ಮೆಂಟಿನಿಂದ ಬಂದಾಗ ಹೇಳಿದೆ. ಕೂಗಾಡುತ್ತಾನೆಂದು ಸಿದ್ಧನಾಗಿದ್ದೆ. ವಕೀಲರಿಗೆ ಏನು ಹೇಳಲಿ, ನೀನು ಯಾರ ಕಡೆ ಎಂದು ಕೇಳುತ್ತಾನೆ, ಅದಕ್ಕೆ ಉತ್ತರವನ್ನೂ ಯೋಚಿಸಿಟ್ಟಿದ್ದೆ. ಅವನು ಜಾಕೆಟ್ ಕೂಡ ತೆಗೆಯದೆ ಕುರ್ಚಿಯ ಮೇಲೆ ಕೂತ. ಅವನು ಆಡುವುದೆಲ್ಲ ಇಂಗ್ಲಿಷ್, ನಿಮಗೆ ಕನ್ನಡದಲ್ಲಿ ಬರೆಯುತ್ತೇನೆ.

"ನಾನು ಸಹಿ ಮಾಡದೆ ಹಟ ಹಿಡಿದದ್ದು ಯಾರಿಗೋಸ್ಕರ ಅಂದುಕೊಂಡಿದ್ದೀ ಅಪ್ಪ? ನನಗೆ ಬೇಸಿಗೆಯಲ್ಲಿ ಅವಳು ಸಿಗ್ತಾಳೆ, ಕ್ರಿಸ್ಮಸ್‌ಗೆ ಸಿಗ್ತಾಳೆ, ನಡುವೆ ನಾನೇ ಫ್ಲೈಟ್ ಹತ್ತಬಹುದು. ನಿನಗೆ ಅದೂ ಆಗಲ್ಲ. ಅಮ್ಮ ಹೋದ ಮೇಲೆ ನೀನು ಹಾಸಿಗೆ ಬಿಟ್ಟು ಎದ್ದದ್ದು ಅನುಷ್ಕಾಗೆ ಊಟ ಕೊಡಬೇಕು ಅಂತ. ಅವಳನ್ನೂ ಕಳಿಸಿಬಿಟ್ಟರೆ ನೀನು ಮತ್ತೆ ಮಲಗಿಬಿಡ್ತೀಯ ಅಂತ ನನಗೆ ಭಯ."

ನಾನು ಅವನಿಗಾಗಿ ಬರೆಯುತ್ತಿದ್ದೇನೆ ಎಂದುಕೊಂಡಿದ್ದೆ. ಅವನು ನನಗಾಗಿ ಹೋರಾಡುತ್ತಿದ್ದ. ನಡುವೆ ನಿಮ್ಮ ಮಗಳು ಕೆಲಸ ಕಳೆದುಕೊಳ್ಳುವ ಹೆದರಿಕೆಯಲ್ಲಿ ನನ್ನ ಬಾಗಿಲ ಹೊರಗೆ ನಿಂತು ಥ್ಯಾಂಕ್ಯೂ ಹೇಳುತ್ತಿದ್ದಳು. ಮನೆಯಲ್ಲಿ ಬುದ್ಧಿವಂತರು ಹೆಚ್ಚಾದರೆ ಹೀಗೇ.

ನಾನು ಮಲಗುವುದಿಲ್ಲ, ಸಹಿ ಮಾಡು ಎಂದೆ. ಆಯಿತು ಎಂದ. ಮರುದಿನ ಸಂಜೆ ಶಿವಲೀಲಾ ಬಂದಾಗ ಕೀರ್ತನ್ ಒಪ್ಪಿದ್ದಾನೆಂದು ನಾನೇ ತಿಳಿಸಿದೆ. ಅವಳು ಒಳಗೆ ಬಂದು ಕೂತಳು. ಚಹಾ ಮಾಡಿಕೊಟ್ಟೆ. ಸಕ್ಕರೆ ಹೆಚ್ಚಾಗಿತ್ತು, ಕುಡಿದಳು.

ನಿಮ್ಮ,
ರಘುರಾಮ


ಫ್ಲೋರಲ್ ಪಾರ್ಕ್
27 ಏಪ್ರಿಲ್ 2025

ಬೀಗರೇ,

ಇಷ್ಟು ದಿನ ನಿಮಗೆ ಏನು ಬರೆಯಬೇಕೆಂದು ತಿಳಿಯದೆ ಸುಮ್ಮನಿದ್ದೆ. ಥ್ಯಾಂಕ್ಸ್ ಎಂದು ಬರೆದರೆ ನಿಮಗೆ ಸಿಟ್ಟು ಬರುತ್ತದೆ. ಬರೆಯದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ನಿಮ್ಮಿಂದ ನಾನು ಒಂದು ಮಗುವನ್ನು ಕಿತ್ತುಕೊಂಡು ಹೋಗುತ್ತಿದ್ದೇನೆ, ನೀವು ಬಾಗಿಲು ಹಿಡಿದು ದಾರಿ ಬಿಟ್ಟಿದ್ದೀರಿ. ನನಗೆ ನಾಚಿಕೆಯಾಗುತ್ತದೆ. ಇಷ್ಟೇ ಬರೆಯಬಲ್ಲೆ.

ಕೀರ್ತನ್ ಸಹಿ ಮಾಡಿದ ಕಾಗದ ಬಂತು. ಶಾಲೆ ಮುಗಿದ ವಾರ ಹೊರಡುತ್ತೇವೆ. ಸಾಮಾನು ಕಟ್ಟುವುದು ಶುರುವಾಗಿದೆ. ರುಬ್ಬುವ ಒಳಕಲ್ಲು ಡೆನ್ವರ್‌ಗೆ ಬರಬೇಕೋ ಬೇಡವೋ ಎಂದು ಇಲ್ಲಿ ದಿನಾ ವಾದ ನಡೆಯುತ್ತದೆ. ವೀರಬಸಮ್ಮ ಗೆಲ್ಲುವ ಲಕ್ಷಣವಿದೆ.

ಒಂದು ಉಪಕಾರ ಮಾಡಬೇಕು. ಅನುಷ್ಕಾ ನಮ್ಮ ಮನೆಗೆ ತಿಂಗಳಿಗೊಮ್ಮೆ ಬಂದು ಹೋಗುವ ಹುಡುಗಿ. ಬಂದಾಗ ಹಬ್ಬ, ಹೋದಾಗ ಕೈಯಲ್ಲಿ ಉಡುಗೊರೆ. ಹಾಗೆ ನೋಡಿದ್ದೇ ಹೊರತು ಸುಮ್ಮನೆ ಒಂದು ಬುಧವಾರ ಆ ಮಗು ಹೇಗಿರುತ್ತದೆಂದು ನನಗಾಗಲಿ ನನ್ನ ಹೆಂಡತಿಗಾಗಲಿ ಗೊತ್ತಿಲ್ಲ. ಇನ್ನು ಶಾಲೆಯಿಂದ ಬಂದರೆ ನಾವೇ ಇರುವವರು. ಏನು ಮಾಡಬೇಕು, ಏನು ಮಾಡಬಾರದು, ಬರೆದು ತಿಳಿಸಿ. ಟಿಪ್ಪಣಿ ಬರೆಯುವುದರಲ್ಲಿ ನಿಮ್ಮ ಹೆಸರು ದೊಡ್ಡದು. ಈ ಸಲ ನಾನು ಕೊನೆಯಲ್ಲಿ ಸಾಲು ಸೇರಿಸುವುದಿಲ್ಲ.

ಶರಣು ಶರಣಾರ್ಥಿ,
ಮುರುಗೆಪ್ಪ


ಸಮರ್‌ಸೆಟ್
15 ಜೂನ್ 2025

ಪ್ರಿಯ ಮುರುಗೆಪ್ಪನವರೇ,

ತಡವಾಯಿತು. ಹಲವು ಬಾರಿ ಬರೆದು ಹರಿದೆ. ಕೇಳಿದ್ದನ್ನು ಬರೆಯುತ್ತೇನೆ.

ಶಾಲೆಯಿಂದ ಬಂದ ಕೂಡಲೇ ಹೇಗಿತ್ತು ಎಂದು ಕೇಳಬೇಡಿ. "ಫೈನ್" ಎನ್ನುತ್ತಾಳೆ, ಅಲ್ಲಿಗೆ ಮಾತು ಮುಗಿಯುತ್ತದೆ. ಮೊದಲು ತಿನ್ನಲು ಏನಾದರೂ ಇಡಿ. ದೋಸೆಯಾದರೆ ಗರಿಗರಿ ಅಂಚು ತಿಂದು ನಡುವಿನದನ್ನು ಬಿಡುತ್ತಾಳೆ, ಒತ್ತಾಯ ಮಾಡಬೇಡಿ. ನೀವು ರೊಟ್ಟಿಯ ಜೊತೆ ಕೊಡುವ ಶೇಂಗಾ ಹಿಂಡಿ ಅವಳಿಗೆ ಖಾರ. ಹಬ್ಬದ ದಿನ ಸಂಕೋಚಕ್ಕೆ ತಿನ್ನುತ್ತಿದ್ದಳು, ನಿಮಗೆ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ಆದರೆ ನೀವು ಕಳಿಸುವ ಕೊಬ್ಬರಿ ಎಷ್ಟಿದ್ದರೂ ಸಾಲದು.

ಹೋಮ್‌ವರ್ಕ್ ಆಯಿತು ಎಂದರೆ ಆಗಿಲ್ಲ ಎಂದರ್ಥ. ಸುಸ್ತಾದಾಗ ಎಡಗಿವಿ ತಿಕ್ಕುತ್ತಾಳೆ, ಅದನ್ನು ನೋಡಿದ ಮೇಲೆ ಲೆಕ್ಕ ಹೇಳಿಕೊಡಲು ಹೋಗಬೇಡಿ. ಕನ್ನಡದಲ್ಲಿ ಮಾತಾಡಿ. ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ, ಎಲ್ಲ ಅರ್ಥವಾಗಿರುತ್ತದೆ. ತಂದೆಯ ವಿಷಯ ಅವಳಾಗಿ ಎತ್ತುವ ತನಕ ನೀವು ಎತ್ತಬೇಡಿ. ಎತ್ತಿದರೆ ಅವನನ್ನು ಹೊಗಳಿ. ನಿಮಗೆ ಕಷ್ಟವಾಗಬಹುದು, ಆದರೂ ಹೊಗಳಿ.

ಇನ್ನೊಂದು, ಇದು ಮುಖ್ಯ. ಮನಸ್ಸಿಗೆ ನೋವಾದದ್ದನ್ನು ಅವಳು ಎದುರು ಕೂತು ಯಾವತ್ತೂ ಹೇಳುವುದಿಲ್ಲ. ನೀವು ಸಿಂಕಿನ ಮುಂದೆ ನಿಂತು ಪಾತ್ರೆ ತೊಳೆಯುತ್ತಿರಬೇಕು, ನಿಮ್ಮ ಬೆನ್ನು ಅವಳ ಕಡೆ ಇರಬೇಕು. ಆಗ ಮೇಜಿನಿಂದ ತಾನಾಗಿಯೇ ಶುರು ಮಾಡುತ್ತಾಳೆ. ಪಾತ್ರೆ ಮುಗಿದರೆ ತೊಳೆದದ್ದನ್ನೇ ಮತ್ತೆ ತೊಳೆಯಿರಿ. ಏನೇ ಕೇಳಿಸಿದರೂ ತಿರುಗಿ ನೋಡಬೇಡಿ. ತಿರುಗಿದರೆ ನಿಲ್ಲಿಸಿಬಿಡುತ್ತಾಳೆ.

ನಿನ್ನೆ ಹೊತ್ತು ಇಳಿಯುವ ಮುಂಚೆ ಹಾಗೇ ತೊಳೆಯುತ್ತಿದ್ದೆ. "ನಾನು ಹೋದ ಮೇಲೆ ಮಧ್ಯಾಹ್ನ ನೀನು ಯಾರಿಗೆ ಕಾಯ್ತೀ ಅಜ್ಜ?" ಎಂದು ಕೇಳಿದಳು.

ನಾನು ತಿರುಗಲಿಲ್ಲ. ನಲ್ಲಿಯನ್ನು ಇನ್ನಷ್ಟು ಜೋರಾಗಿ ಬಿಟ್ಟೆ. ನನಗೆ ಕೇಳಿಸಲಿಲ್ಲವೆಂದುಕೊಂಡಳೋ ಏನೋ, ಮತ್ತೆ ಕೇಳಲಿಲ್ಲ.

ನಿಮ್ಮ,
ರಘುರಾಮ